ಅದು ಹುಲ್ಲಲ್ಲ, ಜೋಳ: ರಷ್ಯಾ–ಜಪಾನ್ ಯುದ್ಧದ ಲೇಖನ ಕಳಿಸಿದವರಿಗೆ

ನಮಸ್ಕಾರ.

‘ರಷ್ಯಾ–ಜಪಾನ್ ಯುದ್ಧದ ಏಳು ತಿರುವುಗಳು’ ಅನ್ನೋ ನಿಮ್ಮ ಲೇಖನ ಬಂದು ಮೂರು ವಾರವಾಯ್ತು. ಉತ್ತರ ತಡವಾಯಿತು, ಕ್ಷಮಿಸಿ. ಮೊದಲ ಸಲ ಓದಿದಾಗ ಸಿಟ್ಟು ಬಂತು. ಸಿಟ್ಟಿನಲ್ಲಿ ಬರೆಯಬಾರದು ಅಂತ ಪಕ್ಕಕ್ಕಿಟ್ಟೆ. ಆಮೇಲೆ ಮತ್ತೆರಡು ಸಲ ಓದಿದೆ. ಸಿಟ್ಟು ಪೂರ್ತಿ ಹೋಗಿಲ್ಲ. ಯಾಕೆ ಬಂತು ಅನ್ನೋದು ಮಾತ್ರ ಈಗ ಗೊತ್ತಾಗಿದೆ, ಅದನ್ನೇ ಬರೆಯುತ್ತಿದ್ದೇನೆ.

ತಾರೀಕುಗಳೆಲ್ಲ ಸರಿಯಾಗಿವೆ. 1904ರ ಫೆಬ್ರವರಿ 8ರ ರಾತ್ರಿ, ಚೀನಾದ ಈಶಾನ್ಯದ ಮಂಚೂರಿಯಾದಲ್ಲಿ ರಷ್ಯಾದ ವಶದಲ್ಲಿದ್ದ ಪೋರ್ಟ್ ಆರ್ಥರ್ ಬಂದರಿನ ಮೇಲೆ ಜಪಾನ್ ನಡೆಸಿದ ದಾಳಿಯಿಂದ ಹಿಡಿದು ಯುದ್ಧ ಮುಗಿಸಿದ 1905ರ ಸೆಪ್ಟೆಂಬರ್ 5ರ ಪೋರ್ಟ್ಸ್‌ಮತ್ ಒಪ್ಪಂದದವರೆಗೆ ಒಂದೂ ತಪ್ಪಿಲ್ಲ. ಬೈಕಲ್ ಸರೋವರದ ಮಂಜುಗಡ್ಡೆ ಮೇಲೆ ಹಳಿ ಹಾಸಿ, ಕುದುರೆ ಕಟ್ಟಿ ರೈಲು ಡಬ್ಬಿಗಳನ್ನು ಎಳೆಸಿದ ಪ್ಯಾರಾ ಚೆನ್ನಾಗಿದೆ. ಕಾಗುಣಿತ ಶುದ್ಧವಾಗಿದೆ. ಇನ್ನು ನನಗೆ ಚುಚ್ಚಿದ ಎರಡು ಜಾಗಕ್ಕೆ ಬರುತ್ತೇನೆ.

ಒಂಬತ್ತನೇ ಪುಟ ತೆಗೆಯಿರಿ. ನೀವು ಬರೆದಿದ್ದು ಹೀಗೆ: “ಭೀಕರ ಕಾಳಗದ ನಂತರ 203 ಮೀಟರ್ ಗುಡ್ಡ ಜಪಾನಿನ ವಶವಾಯಿತು. ಇದು ಯುದ್ಧಕ್ಕೆ ಹೊಸ ತಿರುವು ನೀಡಿತು. ಅನಂತರ ರಷ್ಯಾದ ಹಡಗುಗಳು ನಾಶವಾದವು.”

‘ಭೀಕರ ಕಾಳಗ’ ಅನ್ನೋ ಮಾತು ಲೇಖನದಲ್ಲಿ ಹನ್ನೊಂದು ಸಲ ಬಂದಿದೆ. ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ, ನೋಡಿ. ಯಾಲು ನದಿಯದೂ ಭೀಕರ, ನಾನ್‌ಶಾನಿನದೂ ಭೀಕರ, ಮುಕ್ಡೆನ್ನಿನದೂ ಭೀಕರ. ಓದುವವರ ಕಣ್ಣಿಗೆ ಇವುಗಳಲ್ಲಿ ಒಂದೂ ಕಾಣುವುದಿಲ್ಲ. ಪೋರ್ಟ್ ಆರ್ಥರ್ ಪಕ್ಕದ ಆ ಗುಡ್ಡದ ಮೇಲೆ ಏನಾಯ್ತು ಅಂತ ಸುಮ್ನೆ ಹೇಳಿದರೆ ಸಾಕಿತ್ತು. 1904ರ ನವೆಂಬರ್ ಕೊನೆಯಿಂದ ಡಿಸೆಂಬರ್ 5ರವರೆಗೆ ಅದರ ತುದಿ ಒಮ್ಮೆ ಇವರದು, ಮತ್ತೊಮ್ಮೆ ಅವರದು. ಹತ್ತಿದವರು ಬಿದ್ದರು, ಬಿದ್ದವರ ಮೇಲೆಯೇ ಉಳಿದವರು ಹತ್ತಿದರು. ಪೋರ್ಟ್ ಆರ್ಥರಿಗೆ ಮುತ್ತಿಗೆ ಹಾಕಿದ ಜಪಾನಿ ಸೈನ್ಯದ ಮುಖ್ಯಸ್ಥ ಜನರಲ್ ನೋಗಿ. ಅವನ ದೊಡ್ಡ ಮಗ ಮೇ ತಿಂಗಳಲ್ಲಿ ನಾನ್‌ಶಾನಿನಲ್ಲಿ ಸತ್ತಿದ್ದ. ಇನ್ನೊಬ್ಬ ಮಗ ಸತ್ತಿದ್ದು ಇದೇ ಗುಡ್ಡದಲ್ಲಿ. ಇಷ್ಟು ಬರೆದ ಮೇಲೆ ಭೀಕರ ಅನ್ನೋ ಪದ ಬೇಕಾಗುತ್ತದಾ?

ಎರಡನೇ ವಾಕ್ಯ, ‘ಹೊಸ ತಿರುವು’. ತಿರುವು ಅಂದರೆ ದಾರಿ ತಿರುಗಿತು ಅಂತ. ಮೊದಲು ಎತ್ತ ಹೋಗುತ್ತಿತ್ತು, ಆಮೇಲೆ ಎತ್ತ ಹೋಯ್ತು ಅಂತ ಎರಡೂ ಹೇಳಬೇಕು, ಅಲ್ವಾ? ನೀವು ಎರಡನ್ನೂ ಹೇಳಿಲ್ಲ. ಆ ಬೋಳು ಗುಡ್ಡ ಯಾಕೆ ಬೇಕಿತ್ತು? ಜಪಾನೀಯರ ಹತ್ತಿರ 28 ಸೆಂಟಿಮೀಟರ್ ಬಾಯಿಯ ದೊಡ್ಡ ಹೊವಿಟ್ಜರ್ ಫಿರಂಗಿಗಳಿದ್ದವು. ತಮ್ಮ ಕರಾವಳಿಯ ಕೋಟೆಗಳಿಂದ ಕಿತ್ತು ತಂದಂಥವು. ಒಂದೊಂದು ಗುಂಡು 200 ಕಿಲೋಗೂ ಜಾಸ್ತಿ ತೂಕ. ಅಕ್ಟೋಬರಿನಿಂದಲೇ ಹೊಡೆಯುತ್ತಿದ್ದರು. ಆದರೆ ಬಂದರಿಗೂ ಫಿರಂಗಿಗೂ ನಡುವೆ ಗುಡ್ಡಗಳ ಸಾಲು. ಗುಂಡು ಎಲ್ಲಿ ಬಿತ್ತು ಅಂತ ಹೊಡೆದವನಿಗೆ ಕಾಣುತ್ತಿರಲಿಲ್ಲ. 203 ಮೀಟರ್ ಎತ್ತರದ ಆ ತುದಿಯಲ್ಲಿ ನಿಂತರೆ ಬಂದರು ಮನೆಯಂಗಳದ ಹಾಗೆ ಕಾಣುತ್ತದೆ. ಅಲ್ಲಿ ಒಬ್ಬನನ್ನು ಕೂರಿಸಿ ಕೆಳಗಿನ ಫಿರಂಗಿಗಳಿಗೆ ಟೆಲಿಫೋನ್ ತಂತಿ ಎಳೆದರು. ಗುಂಡು ಬಿದ್ದ ಜಾಗವನ್ನು ಅವನು ಹೇಳಿದ, ಇವರು ಗುರಿ ಸರಿಪಡಿಸಿಕೊಂಡರು. ಗುಡ್ಡ ಸಿಕ್ಕ ದಿನವೇ ರಷ್ಯಾದ ಯುದ್ಧನೌಕೆ ಪೊಲ್ತಾವಾ ಮುಳುಗಿತು. ಇನ್ನು ಕೆಲವೇ ದಿನಗಳಲ್ಲಿ ರೆತ್ವಿಜಾನ್, ಪೆರೆಸ್ವೆತ್, ಪೊಬೆದಾ, ಪಲ್ಲಾದಾ ಎಲ್ಲ ಬಂದರಿನ ತಳ ಸೇರಿದವು.

ಇನ್ನು ಮೂರನೇ ವಾಕ್ಯದ ‘ನಾಶವಾದವು’. ತಮ್ಮಷ್ಟಕ್ಕೆ ತಾವೇ ನಾಶವಾದವಾ? ಫಿರಂಗಿ, ಟೆಲಿಫೋನ್, ಗುಡ್ಡದ ಮೇಲೆ ಕೂತವನು, ಎಲ್ಲರನ್ನೂ ನೀವು ‘ಅನಂತರ’ ಅನ್ನೋ ಒಂದು ಪದದಲ್ಲಿ ಹೂತುಬಿಟ್ಟಿರಿ.

ನನಗೆ ಜಾಸ್ತಿ ಬೇಜಾರಾಗಿದ್ದು ಇದರ ಮುಂದಿನದು ಬಿಟ್ಟುಹೋಗಿದ್ದಕ್ಕೆ. ಬಂದರಿನೊಳಗೆ ರಷ್ಯಾದ ಹಡಗುಗಳು ಇರುವವರೆಗೆ ಜಪಾನಿನ ಅಡ್ಮಿರಲ್ ಟೋಗೊ ಹೊರಗೆ ಕಾವಲು ನಿಲ್ಲಲೇಬೇಕಿತ್ತು. ಹಾಗೆ ಹತ್ತು ತಿಂಗಳು ನಿಂತಿದ್ದ. ಅವು ಮುಳುಗಿದ ಮೇಲೆ ತನ್ನ ಹಡಗುಗಳನ್ನು ಜಪಾನಿಗೆ ಕಳಿಸಿ ರಿಪೇರಿ ಮಾಡಿಸಿಕೊಂಡ. 1905ರ ಜನವರಿ 2ರಂದು ಪೋರ್ಟ್ ಆರ್ಥರ್ ಶರಣಾಯಿತು. ಕೈ ಖಾಲಿಯಾದ ನೋಗಿಯ ಸೈನ್ಯ ಉತ್ತರಕ್ಕೆ ಹೊರಟು, ಮಂಚೂರಿಯಾದ ಮುಕ್ಡೆನ್ ನಗರದ ಹತ್ತಿರ ರಷ್ಯನ್ನರ ಪಶ್ಚಿಮದ ಬದಿಯಿಂದ ಸುತ್ತಿ ಬಂತು. ಇನ್ನು ರಷ್ಯಾದ ಅಡ್ಮಿರಲ್ ರೊಜೆಸ್ಟ್‌ವೆನ್‌ಸ್ಕಿಯ ಬಾಲ್ಟಿಕ್ ನೌಕಾಪಡೆ. ಅದು 1904ರ ಅಕ್ಟೋಬರಿನಲ್ಲಿ ಹೊರಟಿದ್ದೇ ಪೋರ್ಟ್ ಆರ್ಥರಿನ ಹಡಗುಗಳ ಜೊತೆ ಸೇರಿಕೊಳ್ಳೋಕೆ. ಮಡಗಾಸ್ಕರ್ ಮುಟ್ಟುವ ಹೊತ್ತಿಗೆ ಸೇರಿಕೊಳ್ಳಲು ಅಲ್ಲಿ ಯಾರೂ ಉಳಿದಿರಲಿಲ್ಲ. ಆ ಸುದ್ದಿ ಹೊಟ್ಟೆಯಲ್ಲಿಟ್ಟುಕೊಂಡು ಅವರು ಎರಡು ತಿಂಗಳಿಗೂ ಜಾಸ್ತಿ ಆ ಸೆಕೆಯಲ್ಲಿ ನಿಂತರು, ಡೆಕ್ಕಿನ ಮೇಲೆಲ್ಲ ಕಲ್ಲಿದ್ದಲು ತುಂಬಿಕೊಂಡರು, ಮತ್ತೆ ಮುಂದೆ ಹೊರಟರು. ಇದನ್ನು ನೀವು ಏಳನೇ ಭಾಗದಲ್ಲಿ “ದೂರದಿಂದ ಬಂದ ನೌಕಾಪಡೆ” ಅಂತ ಮುಗಿಸಿದ್ದೀರಿ. ದೂರ ಅಂದರೆ ಸುಮಾರು 33,000 ಕಿಲೋಮೀಟರ್, ಏಳು ತಿಂಗಳು. 1905ರ ಮೇ 27ರಂದು ಜಪಾನ್–ಕೊರಿಯಾ ನಡುವಿನ ತ್ಸುಶಿಮಾ ಜಲಸಂಧಿಯಲ್ಲಿ ಆ ದಣಿದ ಹಡಗುಗಳ ಎದುರು ಬಂದದ್ದು ರಿಪೇರಿಯಾಗಿ ಕಾಯುತ್ತಿದ್ದ ಟೋಗೊನ ಹಡಗುಗಳು. ರಷ್ಯಾದ ಕಡೆ 4,000ಕ್ಕೂ ಜಾಸ್ತಿ ಜನ ಸತ್ತರು, ಜಪಾನಿನ ಕಡೆ 117. ಈ ಅಂಕಿ ನಿಮ್ಮ ಲೇಖನದಲ್ಲೂ ಇದೆ. ಆದರೆ ಗುಡ್ಡಕ್ಕೂ ಇದಕ್ಕೂ ನಂಟೇ ಇಲ್ಲದ ಹಾಗೆ ಒಂಟಿಯಾಗಿ ನಿಂತಿದೆ.

ನನ್ನ ಕೇಳಿದರೆ ನಿಮ್ಮ ಏಳರಲ್ಲಿ ನಿಜವಾದ ತಿರುವು ಆ ಗುಡ್ಡ. ಮುಕ್ಡೆನ್, ತ್ಸುಶಿಮಾ ಎರಡೂ ಅದರ ಹಿಂದೆ ಬಂದವು. ನೀವು ಒಪ್ಪದಿದ್ದರೆ ವಾದ ಮಾಡಿ, ಖುಷಿಯಿಂದ ಅಚ್ಚು ಹಾಕುತ್ತೇನೆ. ಆದರೆ ಆ ವಾದ ಲೇಖನದ ಒಳಗೆ ಕಾಣಬೇಕು.

ಎರಡನೆಯದು ಆರನೇ ಪುಟದ ಒಂದೇ ಒಂದು ಪದ. ಲ್ಯಾವ್‌ಯಾಂಗ್ ಕದನದಲ್ಲಿ “ಎತ್ತರದ ಹುಲ್ಲಿನ ನಡುವೆ ರಷ್ಯನ್ ಸೈನಿಕರು ದಿಕ್ಕು ತಪ್ಪಿದರು” ಅಂತ ಬರೆದಿದ್ದೀರಿ.

ಅದು ಹುಲ್ಲಲ್ಲ. ಜೋಳ. ಚೀನೀಯರು ಗಾವ್‌ಲ್ಯಾಂಗ್ ಅನ್ನೋದು ನಮ್ಮ ಜೋಳವನ್ನೇ. ಮಂಚೂರಿಯಾದಲ್ಲಿ ಆಗಸ್ಟ್ ಕೊನೆಗೆ ಅದು ಆಳಿಗಿಂತ ಎತ್ತರ ಬೆಳೆದು ನಿಂತಿರುತ್ತದೆ. 1904ರ ಸೆಪ್ಟೆಂಬರ್ 2ರಂದು ಯೆನ್‌ತಾಯ್ ಕಲ್ಲಿದ್ದಲು ಗಣಿಗಳ ಹತ್ತಿರ ರಷ್ಯಾದ ಜನರಲ್ ಓರ್ಲೋವನ ಪಡೆ ಹೊಕ್ಕಿದ್ದು ಇಂಥ ಹೊಲಗಳಿಗೆ. ನಾನು ಜೋಳದ ಸೀಮೆಯಲ್ಲಿ ಬೆಳೆದವನು. ಬೆಳೆದ ಜೋಳದೊಳಗೆ ಹೊಕ್ಕರೆ ಹೇಗಿರುತ್ತದೆ ಅಂತ ಮೈಗೆ ಗೊತ್ತು. ಗಾಳಿ ನಿಂತುಹೋಗುತ್ತದೆ. ಗರಿಯ ಅಂಚು ಕುತ್ತಿಗೆ ಗೀರುತ್ತದೆ. ಎರಡು ಸಾಲು ಆಚೆ ಇರುವ ಅಣ್ಣ ಕಾಣುವುದಿಲ್ಲ, ಸರಸರ ಸದ್ದು ಮಾತ್ರ ಕೇಳುತ್ತದೆ. ಅಂಥ ಕಡೆ ಕಾಣದ ಶತ್ರು ಗುಂಡು ಹಾರಿಸಿದರೆ ಏನಾಗಬೇಕು? ಓರ್ಲೋವನ ಜನ ಚೆದುರಿ ಓಡಿದರು. ಮಾರನೇ ದಿನ ರಷ್ಯಾದ ಸೇನಾಪತಿ ಕುರೊಪಾಟ್ಕಿನ್ ಇಡೀ ಸೈನ್ಯಕ್ಕೆ ಮುಕ್ಡೆನ್ ಕಡೆ ಹಿಂದೆ ಸರಿಯಲು ಹೇಳಿದ. ಅದೊಂದೇ ಕಾರಣ ಅಂತಲ್ಲ, ಆದರೆ ಆ ಹೊಲಗಳೂ ಒಂದು ಕಾರಣ.

ಹುಲ್ಲು ಅಂದರೆ ತಾನಾಗಿ ಬೆಳೆದದ್ದು. ಜೋಳ ಅಂದ ಕೂಡಲೇ ಬಿತ್ತಿದವನು ಬರುತ್ತಾನೆ. ಈ ಯುದ್ಧದ ಭೂಮಿಯ ಮೇಲಿನ ದೊಡ್ಡ ಕದನಗಳು ನಡೆದದ್ದು ರಷ್ಯಾದಲ್ಲೂ ಅಲ್ಲ, ಜಪಾನಿನಲ್ಲೂ ಅಲ್ಲ, ಚೀನಾದ ನೆಲದಲ್ಲಿ. ಚೀನಾ ತಾನು ಯಾರ ಕಡೆಯೂ ಇಲ್ಲ ಅಂತ ಘೋಷಿಸಿತ್ತು. ನಿಮ್ಮ ಹದಿನಾಲ್ಕು ಪುಟದಲ್ಲಿ ಜಾರ್ ಇದ್ದಾನೆ, ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಇದ್ದಾನೆ. ಒಬ್ಬನೇ ಒಬ್ಬ ಚೀನೀ ರೈತ ಇಲ್ಲ. ಅವನು ಬರಬಹುದಾಗಿದ್ದ ಒಂದೇ ಜಾಗದಲ್ಲಿ ನೀವು ಹುಲ್ಲು ಅಂತ ಬರೆದಿರಿ.

ಇದು ನನಗೆ ಇಷ್ಟು ನಾಟಲು ಕಾರಣವಿದೆ. ಇಪ್ಪತ್ತೆರಡರ ವಯಸ್ಸಿನಲ್ಲಿ ನಾನು ಒಂದು ಜಿಲ್ಲಾ ಪತ್ರಿಕೆಗೆ ಸೇರಿದ್ದೆ. ಡಿಸೆಂಬರ್ ತಿಂಗಳಲ್ಲಿ ಒಂದು ಊರ ಹತ್ತಿರ ಕಾಲುವೆ ಒಡೆಯಿತು. ನನ್ನನ್ನು ಕಳಿಸಿದರು. ಬಸ್ಸಿನಲ್ಲಿ ಹೋಗಿ, ಏರಿ ಮೇಲೆ ನಿಂತು ನೋಡಿ, ಎಷ್ಟು ಎಕರೆ ಅಂತ ಕೇಳಿಕೊಂಡು ವಾಪಸ್ ಬಂದು ಬರೆದೆ: “ಅಪಾರ ಪ್ರಮಾಣದ ಬೆಳೆ ಹಾನಿಯಾಗಿದೆ.” ಸಂಪಾದಕರು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು. “ಹೊಲದಾಗ ಏನ್ ಬೆಳಿ ಇತ್ತು, ತಮ್ಮಾ?” ಜೋಳ ಅಂದೆ. “ತೆನಿ ಹಿಡಿದಿತ್ತೇನು?” ನನಗೆ ಗೊತ್ತಿರಲಿಲ್ಲ. ಹೊಲದ ಮನೆಯಲ್ಲಿ ಹುಟ್ಟಿದ ನಾನು ಅದನ್ನು ನೋಡಿರಲೇ ಇಲ್ಲ. ನೀರು ನೋಡಿದ್ದೆ. ಅವರು ಬೈಯಲಿಲ್ಲ. ಬಸ್ ಚಾರ್ಜು ಎಣಿಸಿ ಕೈಗೆ ಕೊಟ್ಟರು.

ಮರುದಿನ ಮತ್ತೆ ಹೋದೆ. ಮೊಣಕಾಲವರೆಗಿನ ರಾಡಿಯಲ್ಲಿ ಒಬ್ಬ ಅಜ್ಜಿ ಬಿದ್ದ ದಂಟುಗಳನ್ನು ಎತ್ತಿ ಎತ್ತಿ ನಿಲ್ಲಿಸುತ್ತಿದ್ದಳು. ಒಂದು ತೆನೆ ಮುರಿದು ನನ್ನ ಕೈಗಿಟ್ಟಳು. ಕಾಳು ಹಿಸುಕಿದರೆ ಹಾಲು ಬಂತು. “ಇನ್ನೊಂದ್ ಎಂಟು ದಿನಕ್ಕ ಸೀತನಿ ಸುಡ್ತಿದ್ವಿ” ಅಂದಳು. ಅದನ್ನೇ ಮೊದಲ ಸಾಲು ಮಾಡಿದೆ. ಸಂಪಾದಕರು ಏನೂ ಹೇಳದೆ ಅಚ್ಚಿಗೆ ಕಳಿಸಿದರು. ಆ ಮೌನ ನನಗೆ ಇವತ್ತಿಗೂ ನೆನಪಿದೆ.

ಲೇಖನ ವಾಪಸ್ ಕಳಿಸುತ್ತಿದ್ದೇನೆ, ಬೇಡ ಅಂತಲ್ಲ. ಏಳು ತಿರುವು ಬಿಡಿ. ಗುಡ್ಡದಿಂದ ಶುರು ಮಾಡಿ, ಅಲ್ಲಿಂದ ಒಂದು ಕಡೆ ಮುಕ್ಡೆನ್ನಿಗೆ, ಇನ್ನೊಂದು ಕಡೆ ತ್ಸುಶಿಮಾಗೆ ಹೋಗಿ. ಹದಿನಾಲ್ಕು ಪುಟ ಬೇಡ, ಎಂಟು ಸಾಕು. ಬೈಕಲ್ ಪ್ಯಾರಾ ಹಾಗೇ ಇರಲಿ. ಲ್ಯಾವ್‌ಯಾಂಗ್ ಭಾಗವನ್ನು ಮತ್ತೆ ಬರೆಯುವ ಮೊದಲು ನಿಮ್ಮ ಕಡೆ ಎಲ್ಲಾದರೂ ಜೋಳ ಎತ್ತರ ಬಂದಿದ್ದರೆ, ಹೊಲದವರನ್ನು ಕೇಳಿಕೊಂಡು, ಒಳಗೆ ಹತ್ತು ಹೆಜ್ಜೆ ಹೋಗಿ ನಿಂತು ಬನ್ನಿ. ಮುಂದಿನ ತಿಂಗಳ ಹತ್ತನೇ ತಾರೀಕಿನವರೆಗೆ ಜಾಗ ಹಿಡಿದಿಟ್ಟಿರುತ್ತೇನೆ.

ನಿಮ್ಮ,
ಸಂಪಾದಕ