30ಕ್ಕೆ 14

ಪ್ರಿಯ ವಿದ್ಯಾರ್ಥಿನಿಗೆ,

ಮುಪ್ಪಿನಲ್ಲಿ ಬುದ್ಧಿಶಕ್ತಿ ಮತ್ತು ನೆಮ್ಮದಿ ಹೇಗಿರುತ್ತವೆ ಎಂಬುದರ ಸಂಶೋಧನೆಗೆ ಈ ಸೆಪ್ಟೆಂಬರಿನಲ್ಲಿ ಎಡಿನ್‌ಬರ್ಗಿಗೆ ಬರಲಿರುವ ನೀವು ಮಂಗಳೂರಿನಿಂದ ಬರೆದ ಪತ್ರ ತಲುಪಿತು. ಬಾಡಿಗೆ, ಚಳಿ, ಕುಚ್ಚಲಕ್ಕಿ, ಮಾರ್ಗದರ್ಶಕರ ಸ್ವಭಾವ ಎಲ್ಲವನ್ನೂ ಕೇಳಿದ ಮೇಲೆ, ಇಲ್ಲಿನ ಪರೀಕ್ಷೆಗಳನ್ನು ಕನ್ನಡಕ್ಕೆ ತಂದು ಮೊದಲ ಬೇಸಗೆಯಲ್ಲೇ ಊರಿನ ಹಿರಿಯರಿಗೆ ಕೊಡಬಹುದೇ ಎಂದು ಕೊನೆಯ ಸಾಲಿನಲ್ಲಿ ವಿಚಾರಿಸಿದ್ದೀರಿ. ನನಗೆ ಉತ್ತರಿಸಬೇಕೆನಿಸಿದ್ದು ಆ ಕೊನೆಯ ಸಾಲಿಗೆ.

ಉಳಿದದ್ದು ಬೇಗ ಮುಗಿಯುತ್ತದೆ. ಬಾಡಿಗೆ ಹೆಚ್ಚು, ಮೊದಲ ವರ್ಷ ಹಂಚಿಕೊಂಡೇ ಇರಿ. ಕೋಟನ್ನು ಇಲ್ಲಿಯೇ ಕೊಳ್ಳಿ. ಕುಚ್ಚಲಕ್ಕಿ ಸಿಗುತ್ತದೆ, ಗಂಜಿಗೆ ಊರಿನ ರುಚಿ ಮಾತ್ರ ಬರುವುದಿಲ್ಲ. ಮಾರ್ಗದರ್ಶಕರನ್ನು ಹೆಸರು ಹಿಡಿದು ಕರೆಯಬೇಕು, ಅದಕ್ಕೆ ಮೊದಲ ಆರು ತಿಂಗಳು ನಾಲಿಗೆ ಏಳುವುದಿಲ್ಲ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂ ಮುಕ್ಕಾಲರ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ನೀವು ದೀಪ ಹಾಕುವಾಗ ಮನೆಯಲ್ಲಿ ರಾತ್ರಿಯ ಊಟ ಮುಗಿದಿರುತ್ತದೆ. 2001ರಲ್ಲಿ ನಾನು ಉಡುಪಿಯಿಂದ ಬಂದಾಗ ಅಮ್ಮ ಕಟ್ಟಿಕೊಟ್ಟ ಮಿಡಿ ಉಪ್ಪಿನಕಾಯಿಯ ಬಾಟಲಿ ಪೆಟ್ಟಿಗೆಯೊಳಗೆ ಸೋರಿ, ಎಂ.ಎ. ಅಂಕಪಟ್ಟಿಯ ಒಂದು ಮೂಲೆ ಇವತ್ತಿಗೂ ಹಳದಿಯಾಗಿಯೇ ಇದೆ. ಮುಖ್ಯ ಕಾಗದಪತ್ರಗಳನ್ನು ಕೈಚೀಲದಲ್ಲಿ ಇಟ್ಟುಕೊಳ್ಳಿ.

ಇನ್ನು ಪರೀಕ್ಷೆಯ ವಿಷಯ. ಸ್ಕಾಟ್ಲೆಂಡಿನಲ್ಲಿ 1947ರ ಜೂನ್ 4ರಂದು, 1936ರಲ್ಲಿ ಹುಟ್ಟಿದ್ದ 70,000ಕ್ಕೂ ಹೆಚ್ಚು ಶಾಲಾಮಕ್ಕಳು ಒಂದೇ ಬುದ್ಧಿ ಪರೀಕ್ಷೆಗೆ ಕುಳಿತರು. 1921ರಲ್ಲಿ ಹುಟ್ಟಿದವರಿಗೆ 1932ರಲ್ಲೇ ಅದು ನಡೆದಿತ್ತು. ಆ ದಾಖಲೆಗಳು ಉಳಿದುಕೊಂಡಿದ್ದರಿಂದ, ಪ್ರೊಫೆಸರ್ ಇಯಾನ್ ಡಿಯರಿಯವರ ತಂಡ ಎಡಿನ್‌ಬರ್ಗ್ ಸುತ್ತಮುತ್ತ ನೆಲೆಸಿದ್ದ ಅದೇ ಮಂದಿಯನ್ನು ಎಪ್ಪತ್ತು, ಎಂಬತ್ತರ ವಯಸ್ಸಿನಲ್ಲಿ ಹುಡುಕಿ, ಅದೇ ಪ್ರಶ್ನೆಪತ್ರಿಕೆಯನ್ನು ಮತ್ತೆ ಕೊಟ್ಟಿತು. ಮುಪ್ಪಿನಲ್ಲಿ ಒಬ್ಬರಿಂದೊಬ್ಬರಿಗೆ ಕಾಣುವ ವ್ಯತ್ಯಾಸದಲ್ಲಿ ಸುಮಾರು ಅರ್ಧದಷ್ಟು ಹನ್ನೊಂದನೆಯ ವಯಸ್ಸಿನಲ್ಲೇ ಇತ್ತೆಂದು ಗೊತ್ತಾದದ್ದು ಹಾಗೆ. ಅಂಥ ಕೆಲಸ ನಡೆಯುವ ಊರಿನಲ್ಲಿ ಕಲಿತೆನೆಂಬ ಹೆಮ್ಮೆ ನನಗಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಕೆಲಸದ ಬಲವಿರುವುದು ಪ್ರತಿಯೊಬ್ಬರನ್ನೂ ಅವರ ಬಾಲ್ಯದ ಅಂಕದೊಂದಿಗೇ ಹೋಲಿಸುವುದರಲ್ಲಿ ಎಂಬುದನ್ನು ನಾನು ಓದಿ ತಿಳಿದಿದ್ದರೂ ಮನಸ್ಸಿಗೆ ತೆಗೆದುಕೊಂಡಿರಲಿಲ್ಲ.

2003ರ ಮೇ ತಿಂಗಳಲ್ಲಿ, ನೀವು ಈಗ ಯೋಚಿಸುತ್ತಿರುವಂತೆಯೇ, ಹಿರಿಯರ ನೆನಪು, ಬುದ್ಧಿ ಅಳೆಯುವ 30 ಅಂಕಗಳ ಒಂದು ಪರೀಕ್ಷೆಯನ್ನು ಕನ್ನಡಿಸಿಕೊಂಡು ಊರಿಗೆ ಹೋದೆ. ಮಲ್ಪೆ ಬಂದರಿನಿಂದ ನಮ್ಮ ಮನೆಗೆ ಇಪ್ಪತ್ತು ವರ್ಷಗಳಿಂದ ಮೀನು ತರುತ್ತಿದ್ದ ಅಕ್ಕನನ್ನೂ ಕೂರಿಸಿದೆ. ಯಾವ ಮನೆಗೆ ಎಷ್ಟು ಬಂಗುಡೆ, ಯಾರ ಬಾಕಿ ಎಷ್ಟು ಎಂಬ ಲೆಕ್ಕವನ್ನೆಲ್ಲ ಚೀಟಿಯಿಲ್ಲದೆ ತಲೆಯಲ್ಲೇ ಇಟ್ಟುಕೊಂಡಿದ್ದವರು ಅವರು. ಪೆನ್ಸಿಲ್ ಕೊಟ್ಟಾಗ ಕೈಯನ್ನು ಸೆರಗಿಗೆ ಎರಡು ಸಲ ಒರೆಸಿಕೊಂಡು, ಅದನ್ನು ಮೀನು ಕೊಯ್ಯುವ ಕತ್ತಿಯಂತೆ ಮುಷ್ಟಿಯಲ್ಲಿ ಹಿಡಿದು, ಪೆಟ್ಟಿಗೆಯ ಚಿತ್ರವನ್ನು ನೋಡಿ ಬರೆಯಬೇಕಾದ ಜಾಗದಲ್ಲಿ ಒಂದೇ ಒಂದು ಗೆರೆ ಎಳೆದು, "ಎಂಕ್ ಉಂದು ಬರ್ಪುಜಿ ಮಗಾ" (ನನಗಿದು ಬರುವುದಿಲ್ಲ ಮಗಾ) ಎಂದು ಹಾಳೆಯನ್ನು ನನ್ನ ಕಡೆಗೆ ಸರಿಸಿದರು. ನೂರರಿಂದ ಏಳೇಳು ಕಳೆಯಿರಿ ಎಂದು ನಾನು ಕೇಳಿದ್ದು ಕನ್ನಡದಲ್ಲಿ. ಅವರು ಎಣಿಸುತ್ತಿದ್ದುದು ತುಳುವಿನಲ್ಲಿ. ಜೊತೆಗಿದ್ದ ಮಗ ಎಷ್ಟು ಮಾರ್ಕು ಎಂದು ಕೇಳಿದ. 30ಕ್ಕೆ 14 ಎಂದೆ.

ಮರುವರ್ಷ ಅವರಲ್ಲಿಗೆ ಹೋದಾಗ ಮೀನಿನ ಬುಟ್ಟಿ ಮನೆಯ ಮಾಡಿಗೆ ಸಿಕ್ಕಿಸಿತ್ತು. ತಲೆ ಸರಿಯಿಲ್ಲದವರನ್ನು ಬಸ್ಸು ಹತ್ತಿಸಿ ಕಳಿಸುವುದು ಹೇಗೆ ಎಂದು ಮಗ ಅವರ ವ್ಯಾಪಾರವನ್ನೇ ನಿಲ್ಲಿಸಿದ್ದ. ಪೆನ್ಸಿಲ್ ಹಿಡಿಯುವುದು, ಪೆಟ್ಟಿಗೆಯ ಚಿತ್ರ ಬರೆಯುವುದು ಶಾಲೆ ಕಲಿಸುವ ವಿದ್ಯೆ, ನಾನು ಅಳೆದದ್ದು ನಿಮ್ಮ ಅಮ್ಮ ಶಾಲೆಗೆ ಹೋಗದಿದ್ದುದನ್ನು ಎಂದು ವಿವರಿಸಿದೆ. "ನೀವೇ ಹೇಳಿದ್ದಲ್ವಾ ಅಕ್ಕ" ಎಂದ. ಅವರು ಜಗಲಿಯಲ್ಲಿ ಕುಳಿತು ನಮ್ಮ ಮನೆಯ ಹಳೆಯ ಬಾಕಿ 35 ರೂಪಾಯಿಯನ್ನು ನೆನಪಿಸಿದರು. ಅದು ಸರಿಯಾಗಿತ್ತು.

ನನಗೆ ನೆಪವೂ ಇರಲಿಲ್ಲ. ಅಕ್ಷರ ಬಾರದ ಹಳ್ಳಿಗರಿಗೆಂದೇ ಹರಿಯಾಣದ ಬಲ್ಲಭಗಢದಲ್ಲಿ ರೂಪಿಸಿದ ಹಿಂದಿ ಪರೀಕ್ಷೆ 1995ರಲ್ಲೇ ಪ್ರಕಟವಾಗಿತ್ತು. ನಾನು ಅದನ್ನು ತೆರೆದು ನೋಡಿರಲಿಲ್ಲ. ಹೈದರಾಬಾದಿನ 648 ಡಿಮೆನ್ಷಿಯಾ (ಮರೆವಿನ ಕಾಯಿಲೆ) ರೋಗಿಗಳ ಅಧ್ಯಯನ 2013ರಲ್ಲಿ ಬಂದಾಗ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಅನಕ್ಷರಸ್ಥರಲ್ಲೂ ಆ ಅಂತರವಿತ್ತು ಎಂದು ಓದಿ ಅಂದು ನನಗೆ ನಿದ್ದೆ ಬರಲಿಲ್ಲ. ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕರಲ್ಲೂ ಚೌಕಾಸಿ ಮಾಡುತ್ತಿದ್ದ ಆ ಅಕ್ಕನ ಭಾಷೆಗಳಿಗೆ ನನ್ನ ಹಾಳೆಯಲ್ಲಿ ಒಂದು ಕಾಲಮೂ ಇರಲಿಲ್ಲ.

ಆದ್ದರಿಂದ ಮೊದಲ ಬೇಸಗೆಯಲ್ಲಿ ಪ್ರಶ್ನೆಪತ್ರಿಕೆ ಒಯ್ಯಬೇಡಿ. ಹಾಗೆಯೇ ಹೋಗಿ, ಬಂದರಿನಲ್ಲಿ ಏಲಂ ಕೂಗುವಾಗ ನಿಂತು ಯಾರು ಏನನ್ನು ನೆನಪಿಡುತ್ತಾರೆಂದು ಬರೆದುಕೊಳ್ಳಿ. ಬದುಕಿನ ತೃಪ್ತಿಗೆ 1ರಿಂದ 7ರವರೆಗೆ ಅಂಕ ಕೊಡಿ ಎಂದರೆ ನಮ್ಮವರು ಕೊಡುವ ಉತ್ತರ "ಅಡ್ಡಿಯಿಲ್ಲ". ಅದು ಯಾವ ಅಂಕವೆಂದು ಅವರನ್ನೇ ಕೇಳಿ. ಪರೀಕ್ಷೆ ಕೊಡುವ ದಿನ ಬಂದಾಗ ಮನೆಯವರು ಎಷ್ಟೇ ಒತ್ತಾಯಿಸಿದರೂ ಅಂಕ ಹೇಳಬೇಡಿ. ಒಂದು ವರ್ಷ ತಡವಾಗುತ್ತದೆಂದು ನಿಮ್ಮ ಮಾರ್ಗದರ್ಶಕರು ಆಕ್ಷೇಪಿಸಿದರೆ ನನಗೆ ತಿಳಿಸಿ. ಅವರ ಜೊತೆ ನಾನು ಮಾತಾಡುತ್ತೇನೆ.