ಕರಾಟೆ ಅಂಗಿಯ ಮೇಲೆ ದುಂಡಗಿನ ಹುಲಿ ಏಕೆ?

ಹುಬ್ಬಳ್ಳಿಯಲ್ಲಿ ಮಗಳನ್ನು ಕರಾಟೆ ಕ್ಲಾಸಿಗೆ ಸೇರಿಸಿದ್ದೀರಿ, ಅಂಗಿಯ ಎದೆ ಮೇಲೆ ವೃತ್ತದೊಳಗೆ ಹುಲಿ ಇದೆ, ಅದರ ಅರ್ಥವೇನು ಎಂದು ಕೇಳಿದ್ದೀರಿ. ಅದು ಶೋಟೊಕಾನ್ ಶೈಲಿಯ ಗುರುತು.

‘ಹುಲಿಯಂಗ ಹೊಡಿಬೇಕು’ ಅಂತ ಮಕ್ಕಳು ತಿಳಿದುಕೊಂಡಿರುತ್ತವೆ. ಮೊಹರಂ ಹುಲಿವೇಷ ನೋಡಿ ಬೆಳೆದ ನಮಗೂ ಹಾಗೇ ಅನಿಸುವುದು ಸಹಜ. ಆದರೆ ಮೂಲದಲ್ಲಿ ಇದೊಂದು ಪದಚಮತ್ಕಾರ. ಜಪಾನಿನಲ್ಲಿ ಒಂದು ವಿದ್ಯೆಯ ಪ್ರಮಾಣಗ್ರಂಥಕ್ಕೆ ‘ತೋರಾ ನೋ ಮಾಕಿ’, ಅಂದರೆ ‘ಹುಲಿಯ ಸುರುಳಿ’ ಎನ್ನುತ್ತಾರೆ. ಓಕಿನಾವಾ ದ್ವೀಪದಿಂದ 1922ರಲ್ಲಿ ಟೋಕಿಯೊಗೆ ಬಂದ, ಶೋಟೊಕಾನ್ ಶೈಲಿಯ ಮೂಲಗುರು ಗಿಚಿನ್ ಫುನಾಕೋಶಿಯವರಿಗೆ ಪುಸ್ತಕ ಬರೆಯಲು ಒತ್ತಾಯಿಸಿದವರು ಚಿತ್ರಕಾರ ಹೋಆನ್ ಕೊಸುಗಿ. ಆ ಪುಸ್ತಕವೇ ಕರಾಟೆಯ ‘ತೋರಾ ನೋ ಮಾಕಿ’ ಎಂಬ ಭಾವದಲ್ಲಿ ಅವರು ಕುಂಚದಿಂದ ಈ ಹುಲಿ ಬಿಡಿಸಿದರು. ಅಂದರೆ ಹುಲಿ ಇಲ್ಲಿ ಪುಸ್ತಕದ ಗುರುತು!

ಇನ್ನೊಂದು ನಂಟೂ ಇದೆ. ‘ಶೋಟೊ’ ಫುನಾಕೋಶಿಯವರ ಕಾವ್ಯನಾಮ: ಪೈನ್ ಮರಗಳಲ್ಲಿ ಗಾಳಿ ಎಬ್ಬಿಸುವ ಅಲೆಯ ಸದ್ದು. ಆ ಸದ್ದು ಕೇಳುತ್ತ ಅವರು ಅಡ್ಡಾಡುತ್ತಿದ್ದ ಶುರಿ ಊರಿನ ಗುಡ್ಡದ ಹೆಸರು ತೋರಾಒ, ಎಂದರೆ ಹುಲಿಬಾಲ. ‘ಕಾನ್’ ಅಂದರೆ ಮನೆ, ನಮ್ಮ ಗರಡಿಮನೆಯ ‘ಮನೆ’ ಇದ್ದ ಹಾಗೆ.

ಕ್ಲಾಸ್ ಬದಲಿಸಿದರೆ ಗುರುತೂ ಬದಲಾದೀತು. ಬೇರೆ ಕರಾಟೆ ಶೈಲಿಗಳಲ್ಲಿ ಗೋಜು-ರ್ಯೂದವರದು ಮುಷ್ಟಿ, ವಾಡೊ-ರ್ಯೂದವರದು ಪಾರಿವಾಳ.