ನ್ಯೂಯಾರ್ಕಿನಲ್ಲಿ ಒಳ್ಳೆಯ ಕಾಕ್‌ಟೇಲ್ ಬಾರ್ ಯಾವುದು? ಮೊಟ್ಟೆ-ಮಾಂಸ ಮುಟ್ಟದವರು ಏನೇನು ವಿಚಾರಿಸಿಕೊಳ್ಳಬೇಕು?

ಕೆಲಸದ ಮೇಲೆ ಹೋಗುತ್ತಿದ್ದೀರಿ, ಎರಡು ಸಂಜೆ ಬಿಡುವಿದೆ, ಮೊಟ್ಟೆಯನ್ನೂ ಮುಟ್ಟುವುದಿಲ್ಲ ಅಂತ ಬರೆದಿದ್ದೀರಿ. ಹಾಗಿದ್ದರೆ ಒಂದು ಸಂಜೆ ಅಟಾಬಾಯ್, ಇನ್ನೊಂದು ಸಂಜೆ ಡೆತ್ ಆಂಡ್ ಕೋ. ಪಟ್ಟಿ ಹಿಡಿದುಕೊಂಡು ಒಂದೇ ರಾತ್ರಿ ನಾಲ್ಕು ಬಾರ್ ಸುತ್ತಿದರೆ ಹೆಚ್ಚು ಹೊತ್ತು ಕ್ಯೂನಲ್ಲೇ ಹೋಗುತ್ತದೆ.

ಅಟಾಬಾಯ್ ಇರುವುದು ಲೋಯರ್ ಈಸ್ಟ್ ಸೈಡ್‌ನ 134 ಎಲ್ಡ್ರಿಜ್ ಸ್ಟ್ರೀಟ್‌ನಲ್ಲಿ. ದೊಡ್ಡ ಬೋರ್ಡಿಲ್ಲ, ಬಾಗಿಲು ತಟ್ಟಬೇಕು. ಸಾಶಾ ಪೆಟ್ರಾಸ್ಕೆ ಅವರ ಹೆಸರಾಂತ ಬಾರ್ ಮಿಲ್ಕ್ ಆಂಡ್ ಹನಿ ಮೊದಲು ಇದ್ದದ್ದು ಇದೇ ಜಾಗದಲ್ಲಿ. ಆ ಬಾರ್ ಇಲ್ಲಿಂದ ಹೋದ ಮೇಲೆ, ಅಲ್ಲೇ ಕೆಲಸ ಮಾಡುತ್ತಿದ್ದ ಸ್ಯಾಮ್ ರಾಸ್ ಮತ್ತು ಮೈಕೆಲ್ ಮೆಕಿಲ್‌ರಾಯ್ ಅಟಾಬಾಯ್ ಶುರು ಮಾಡಿದರು. ಟೇಬಲ್ ಬುಕ್ ಮಾಡುವ ಪದ್ಧತಿಯೂ ಇಲ್ಲ, ಮೆನುವೂ ಇಲ್ಲ. ವಾರದ ಮಧ್ಯೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಶುಕ್ರವಾರ ರಾತ್ರಿ ಒಂಬತ್ತಕ್ಕೆ ಹೋದರೆ ಹೊರಗೆ ನಿಂತು ಕಾಯುವುದೇ ಆಗುತ್ತದೆ.

ಮೆನು ಇಲ್ಲದ ಕಡೆ 'ಏನಾದರೂ ಚೆನ್ನಾಗಿರೋದು ಕೊಡಿ' ಅಂದರೆ ಬಾರ್‌ಟೆಂಡರ್‌ಗೆ ಏನೂ ಹೇಳಿದಂತಾಗಲಿಲ್ಲ. ಜಿನ್ನೋ ವಿಸ್ಕಿಯೋ ರಮ್ಮೋ ಹೇಳಿ. ನಿಂಬೆರಸ ಹಾಕಿ ಕುಲುಕಿದ್ದು ಬೇಕೋ, ಬರೀ ಮದ್ಯಗಳನ್ನೇ ಐಸಿನೊಂದಿಗೆ ಕಲಕಿದ ಗಡಸು ಡ್ರಿಂಕ್ ಬೇಕೋ ಹೇಳಿ. ಮೊಟ್ಟೆ ಬೇಡ ಎನ್ನುವುದನ್ನು ಅದೇ ಉಸಿರಿನಲ್ಲಿ ಹೇಳಿಬಿಡಿ. ಏನೂ ತೋಚದಿದ್ದರೆ ಪೆನಿಸಿಲಿನ್ ಕೇಳಿ. 2005ರ ಸುಮಾರಿಗೆ ಮಿಲ್ಕ್ ಆಂಡ್ ಹನಿಯಲ್ಲಿ ಸ್ಯಾಮ್ ರಾಸ್ ಕಟ್ಟಿದ ಡ್ರಿಂಕ್ ಅದು. ಸುಮಾರು 60 ಎಂ.ಎಲ್. ಬ್ಲೆಂಡೆಡ್ ಸ್ಕಾಚ್, 22 ಎಂ.ಎಲ್. ನಿಂಬೆರಸ, ಶುಂಠಿ ಮತ್ತು ಜೇನಿನ ಸಿರಪ್ ಸೇರಿ ಇನ್ನೊಂದು 22, ಕೊನೆಗೆ ಮೇಲ್ಗಡೆ 7 ಎಂ.ಎಲ್. ಹೊಗೆ ವಾಸನೆಯ, ಸ್ಕಾಟ್ಲೆಂಡಿನ ಐಲಾ ದ್ವೀಪದ ಸ್ಕಾಚ್. ಕಲಕಬೇಡಿ, ಸ್ಟ್ರಾ ಹಾಕಬೇಡಿ. ಮೂಗಿಗೆ ಮೊದಲು ಹೊಗೆ, ನಾಲಿಗೆಗೆ ಆಮೇಲೆ ಶುಂಠಿ ಬರಲಿ ಎಂದೇ ಆ ಸ್ಕಾಚನ್ನು ಮೇಲೆ ಬಿಟ್ಟಿರುತ್ತಾರೆ.

ಅಳತೆ ನೋಡಿದಿರಲ್ಲ, 60 ಎಂ.ಎಲ್. ಎಂದರೆ ನಮ್ಮ ಒಂದು ಲಾರ್ಜ್. ಗ್ಲಾಸ್ ಪುಟ್ಟದು, ಒಳಗಿರುವುದು ಲಾರ್ಜ್ ಪೆಗ್. ಮಾರ್ಟಿನಿಯಂಥದ್ದರಲ್ಲಿ ಜ್ಯೂಸಿನ ಹೆಸರೇ ಇಲ್ಲ, ಅದರ ಮೇಲೆ ವರ್ಮುತ್ ಎಂಬ ಗಿಡಮೂಲಿಕೆ ಹಾಕಿದ ವೈನ್ ಬೇರೆ. ವಿಮಾನದ ಸುಸ್ತಿನಲ್ಲಿ ಎರಡು ಸಾಕು.

ಡೆತ್ ಆಂಡ್ ಕೋ ಈಸ್ಟ್ ವಿಲೇಜ್‌ನಲ್ಲಿದೆ. ಜಾಗ ಇಲ್ಲದಿದ್ದರೆ ಹೆಸರು, ಫೋನ್ ನಂಬರ್ ಬರೆದುಕೊಳ್ಳುತ್ತಾರೆ, ಸುತ್ತಾಡಿಕೊಂಡು ಬರಬಹುದು. ಮೆನು ದೊಡ್ಡದು, ಪ್ರತಿ ಡ್ರಿಂಕಿನ ಕೆಳಗೆ ಏನೇನು ಹಾಕಿದ್ದಾರೆ ಎಂದು ಬರೆದಿರುತ್ತದೆ. ಆದರೂ ಕೇಳದೆ ಬಿಡಬೇಡಿ.

ಯಾಕೆಂದರೆ ಹೆಸರು ನೋಡಿ ಗೊತ್ತಾಗುವುದಿಲ್ಲ. ಸೇಂಟ್ ಮಾರ್ಕ್ಸ್ ಪ್ಲೇಸ್‌ನಲ್ಲಿ ಹಾಟ್ ಡಾಗ್ ಅಂಗಡಿಯೊಳಗಿನ ಟೆಲಿಫೋನ್ ಬೂತ್ ಮೂಲಕ ಒಳಗೆ ಹೋಗುವ ಪಿಡಿಟಿ ಎಂಬ ಬಾರಿನ ಹೆಸರು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಅಲ್ಲಿನ ಅತಿ ಪ್ರಸಿದ್ಧ ಡ್ರಿಂಕ್ ಬೆಂಟನ್ಸ್ ಓಲ್ಡ್ ಫ್ಯಾಷನ್ಡ್. ಬೆಂಟನ್ ಎಂಬುದು ಟೆನೆಸ್ಸಿಯ ಬೇಕನ್ (ಉಪ್ಪು ಹಾಕಿ ಹೊಗೆಯಾಡಿಸಿದ ಹಂದಿಮಾಂಸ) ತಯಾರಕರ ಹೆಸರು. ಅದರ ಕರಗಿಸಿದ ಕೊಬ್ಬನ್ನು ಬರ್ಬನ್ ಎಂಬ ಅಮೆರಿಕನ್ ವಿಸ್ಕಿಗೆ ಬೆರೆಸಿ ಕೆಲವು ಗಂಟೆ ಬಿಟ್ಟು ಫ್ರೀಜರ್‌ನಲ್ಲಿಡುತ್ತಾರೆ. ಕೊಬ್ಬು ಗಟ್ಟಿಯಾಗುತ್ತದೆ, ತೆಗೆದು ಸೋಸುತ್ತಾರೆ. ಬರ್ಬನ್ ತಿಳಿಯಾಗೇ ಕಾಣುತ್ತದೆ, ಬೇಕನ್ನಿನ ವಾಸನೆ ಮಾತ್ರ ಒಳಗೇ ಇರುತ್ತದೆ. ಇದಕ್ಕೆ 'ಫ್ಯಾಟ್ ವಾಷ್' ಎನ್ನುತ್ತಾರೆ, ಮೆನುವಿನಲ್ಲಿ ಎಲ್ಲೇ ಈ ಮಾತು ಕಂಡರೂ ಯಾವುದರ ಕೊಬ್ಬು ಎಂದು ಕೇಳಿ. ತೆಂಗಿನೆಣ್ಣೆಯೋ ಬೆಣ್ಣೆಯೋ ಆಗಿದ್ದರೆ ತೊಂದರೆಯಿಲ್ಲ.

ಮೊಟ್ಟೆಯದು ಇನ್ನೂ ಮಾಮೂಲಿ. ಪಿಸ್ಕೊ ಸೌರ್, ಕ್ಲೋವರ್ ಕ್ಲಬ್, ರಾಮೋಸ್ ಜಿನ್ ಫಿಜ್ ಮೂರರಲ್ಲೂ ಬಿಳಿ ಲೋಳೆ ಇರುತ್ತದೆ, ವಿಸ್ಕಿ ಸೌರ್‌ನಲ್ಲಿ ಬಹಳ ಕಡೆ ಇರುತ್ತದೆ. ವಿಸ್ಕಿ ಸೌರನ್ನು ಮೊಟ್ಟೆ ಇಲ್ಲದೆ ಮಾಡಿಸಿಕೊಂಡರೆ ನೊರೆ ಹೋಗಿ ಹುಳಿ ಸ್ವಲ್ಪ ಮುಂದೆ ಬರುತ್ತದೆ, ಅಷ್ಟೇ. ರಾಮೋಸ್‌ನಲ್ಲಿ ಮಾತ್ರ ನೊರೆಯೇ ಎಲ್ಲ, ಅದನ್ನು ಬಿಟ್ಟುಬಿಡಿ. ಮೊಟ್ಟೆ ಹಾಕಿ ಕುಲುಕಿದ ಶೇಕರ್‌ಗಳನ್ನು ನೀರಲ್ಲಿ ತೊಳೆದು ಮತ್ತೆ ಅದರಲ್ಲೇ ಮಾಡುತ್ತಾರೆ. ಅದೂ ಬೇಡ ಎನ್ನುವಷ್ಟು ಕಟ್ಟುನಿಟ್ಟು ನಿಮಗಿದ್ದರೆ ಕಲಕುವ ಡ್ರಿಂಕ್‌ಗಳನ್ನೇ ಕೇಳಿ, ಅವಕ್ಕೆ ಬೇರೆಯೇ ಗಾಜಿನ ಪಾತ್ರೆ. ಬ್ಲಡಿ ಮೇರಿಗೆ ಹಾಕುವ ವೂಸ್ಟರ್‌ಶೈರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಮೀನಿರುತ್ತದೆ. 'ಕ್ಲಾರಿಫೈಡ್ ಮಿಲ್ಕ್ ಪಂಚ್' ಎಂದರೆ ಪನೀರ್ ಮಾಡುವ ಹಾಗೆ ಹಾಲು ಒಡೆಸಿ ಸೋಸಿದ್ದು. ನೋಡಲು ನೀರಿನಂತಿರುತ್ತದೆ, ಹಾಲು ಆಗದವರು ದೂರ ಇರಬೇಕು.

ಖರ್ಚಿಗೆ ಬರೋಣ. ಮೆನುವಿನಲ್ಲಿ 20 ಡಾಲರ್ ಎಂದಿದ್ದರೆ ನಗರದ 8.875% ಸೇಲ್ಸ್ ಟ್ಯಾಕ್ಸ್ 1.78, ಟಿಪ್ಸ್ 20% ಎಂದು 4 ಸೇರಿ 25.78 ಆಗುತ್ತದೆ. ಟಿಪ್ಸ್ ಅಲ್ಲಿ ಐಚ್ಛಿಕ ಎಂದು ಹೆಸರಿಗೆ ಮಾತ್ರ, ಬಾರ್‌ಟೆಂಡರ್‌ಗಳ ಸಂಪಾದನೆ ಬಹುಪಾಲು ಅದೇ. ಗುಂಪಾಗಿ ಹೋದರೆ ಬಿಲ್ಲಿನಲ್ಲಿ 'ಗ್ರಾಚ್ಯುಟಿ' ಎಂದು ಟಿಪ್ಸ್ ಮೊದಲೇ ಸೇರಿಸಿದ್ದಾರಾ ನೋಡಿ, ಎರಡು ಸಲ ಕೊಡಬೇಡಿ. ಕಾರ್ಲೈಲ್ ಹೋಟೆಲಿನ ಬೆಮೆಲ್ಮನ್ಸ್ ಬಾರ್‌ನಲ್ಲಿ ಸಂಜೆ ಪಿಯಾನೊ ಶುರುವಾದ ಮೇಲೆ ತಲೆಗಿಷ್ಟು ಎಂದು ಕವರ್ ಚಾರ್ಜ್ ಬೇರೆ ಬೀಳುತ್ತದೆ. ಗೋಡೆಯ ಚಿತ್ರಗಳನ್ನು ನೋಡುವ ಆಸೆಯಿದ್ದರೆ ಅದಕ್ಕೆ ಮುಂಚೆ ಹೋಗಿ.

ಕಾನೂನಿನ ವಯಸ್ಸು 21. ನರೆಗೂದಲಿದ್ದರೂ ಬಾಗಿಲಲ್ಲಿ ಐಡಿ ಕೇಳಬಹುದು. ಆಧಾರ್ ಕಾರ್ಡನ್ನಾಗಲಿ ಫೋನಿನಲ್ಲಿರುವ ಫೋಟೊವನ್ನಾಗಲಿ ನಂಬಿಕೊಂಡು ಹೋಗಬೇಡಿ, ಮೂಲ ಪಾಸ್‌ಪೋರ್ಟ್ ಜೇಬಿನಲ್ಲಿರಲಿ.